ಗೇಟು ಹಾಕಿದ ಹೊತ್ತು

ಬೀರೂರಿನ ಆಚೆ, ಊರು ಮುಗಿದು ಜಾಲಿ ಶುರುವಾಗುವಲ್ಲಿ
ಬೆಳಗ್ಗೆ ಏಳೂಕಾಲಕ್ಕೆ ಕಲ್ಲೇಶಿ ಗೇಟು ಹಾಕುತ್ತಾನೆ.
ಈ ಕಡೆ ನಾನು, ಶಾಲೆಯ ಅಡುಗೆಗೆ ಹೊರಟವಳು,
ಟಿವಿಎಸ್ಸಿನ ಮುಂದೆ ಕಾಲಿಡುವಲ್ಲಿ ಸೊಪ್ಪಿನ ಚೀಲ.
ಆ ಕಡೆ ಜಬೀನ, ನಾರಿನ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿದವಳು,
ಹುಬ್ಬಿನ ಮೇಲೂ ತೆಂಗಿನ ದೂಳು.
ನಡುವೆ ಎರಡು ಜೊತೆ ಹಳಿ, ಜಲ್ಲಿ,
ಯಾರದೋ ಒಂಟಿ ಹವಾಯಿ ಚಪ್ಪಲಿ.

"ಏನಕ್ಕಾ, ಎದ್ದ್ಯಾ?" ಅನ್ನುತ್ತಾಳೆ.
"ಏನೇ, ಇನ್ನೂ ಮಲಗ್ಲಿಲ್ವಾ?" ಅನ್ನುತ್ತೇನೆ.
ನನಗೆ ಇವತ್ತು ಆಗಲೇ ಒಲೆ ಹತ್ತಿದೆ,
ಅವಳಿಗಿನ್ನೂ ನಿನ್ನೆಯೇ ಮುಗಿದಿಲ್ಲ.

ಕೂಗಿ ಮಾತಾಡಬೇಕು. ಕೂಗಿದ ಮೇಲೆ ಗುಟ್ಟೆಲ್ಲಿ ಬಂತು?
ಹಾಲಿನ ಕ್ಯಾನಿನವನಿಗೂ ಟ್ರ್ಯಾಕ್ಟರಿನ ಹುಡುಗನಿಗೂ ಗೊತ್ತು
ಅವಳ ಅತ್ತೆಯ ಮೊಣಕಾಲು, ಮೂರು ತಿಂಗಳಿಂದ ಬರದ ನನ್ನ ಸಂಬಳ.
ಒಮ್ಮೊಮ್ಮೆ ನಾನು ಸೊಪ್ಪಿನ ಕಡೆ ನೋಡುತ್ತಿದ್ದರೆ
ಹಾಲಿನವನೇ ನನ್ನ ಪರವಾಗಿ "ಹೂಂ" ಅಂದುಬಿಡುತ್ತಾನೆ.

ಹೂಂ ಅಂದರೆ ಸಣ್ಣದಲ್ಲ.
ನಮ್ಮ ದೊಡ್ಡವ್ವ ಕತೆ ಹೇಳುವಾಗ ಹೂಂಗುಟ್ಟುವವರು ತೂಕಡಿಸಿದರೆ
ರಾಜಕುಮಾರನನ್ನು ನಡುಹೊಳೆಯಲ್ಲೇ ಬಿಟ್ಟು
ತಾನೂ ಮಗ್ಗುಲು ತಿರುಗಿ ಮಲಗುತ್ತಿದ್ದಳು.
ಹೊಳೆ ಅವಳದು,
ನೀರು ಹರಿಯುತ್ತಿದ್ದದ್ದು ನಮ್ಮ ಹೂಂನಿಂದ.

ಆ ದಿನ ಜಬೀನ "ಅಕ್ಕಾ, ನಾನೊಂದು" ಅಂದಳು.
ಅಷ್ಟರಲ್ಲಿ ಗೂಡ್ಸು.
ಅದಿರೋ ಗೊಬ್ಬರವೋ ಹೇರಿಕೊಂಡು
ನೆಲ ನಡುಗಿಸಿ, ಚೀಲದ ಸೊಪ್ಪು ನಡುಗಿಸಿ ಬಂತು.
"ನಾನೊಂದು" ಈ ಕಡೆ ದಾಟಿತ್ತು,
ಮಿಕ್ಕದ್ದು ಆ ಕಡೆ.

ಡಬ್ಬಿ. ಸಂದು. ಡಬ್ಬಿ. ಸಂದು.
ಸಂದಿನಲ್ಲಿ ಅವಳ ಬಾಯಿ, ತೆರೆದದ್ದು.
ಡಬ್ಬಿ.
ಸಂದಿನಲ್ಲಿ ಕೈ, ಏನನ್ನೋ ತಿರುವುತ್ತ. ಮುದ್ದೆಯೋ, ಬೀಗವೋ?
ಡಬ್ಬಿ.
ಎಣಿಸಲು ಹೊರಟವಳು ಹದಿನೇಳಕ್ಕೆ ಬಿಟ್ಟೆ.
ಕೇಳುವುದಿಲ್ಲ ಅಂತ ಅವಳಿಗೂ ಗೊತ್ತು, ಆದರೂ ನಿಲ್ಲಿಸಲಿಲ್ಲ.
ಕೇಳಿಸದಿದ್ದರೂ ನಾನು ತಲೆಯಾಡಿಸುತ್ತಲೇ ಇದ್ದೆ,
ಅವಳ ಹೊಳೆ ಒಣಗಬಾರದು ನೋಡಿ.
ಇನ್ನೊಂದು ಸಂದಿನಲ್ಲಿ ನಗುತ್ತಿದ್ದಳು.
ನಾನೂ ನಕ್ಕೆ. ಯಾಕೆಂದು ಕೇಳಬೇಡಿ.
ಅದರ ಮುಂದಿನ ಸಂದಿಗೆ ಸೆರಗು ಬಾಯಿಗಿಟ್ಟುಕೊಂಡಿದ್ದಳು,
ನನ್ನ ಕಣ್ಣಲ್ಲಿ ಆಗಲೇ ನೀರು.

ಗಾರ್ಡು ಹೋದ. ಕಿವಿ ಒಂದು ಗಳಿಗೆ ಖಾಲಿ ಪಾತ್ರೆ.
ಆಮೇಲೆ ಇಬ್ಬರೂ ಒಟ್ಟಿಗೇ ಶುರುಮಾಡಿ
ಒಟ್ಟಿಗೇ ನಿಲ್ಲಿಸಿ
"ನೀನ್ಹೇಳು."
"ನೀನೇ ಹೇಳಕ್ಕಾ."
ಯಾರೂ ಹೇಳಲಿಲ್ಲ. ಕಲ್ಲೇಶಿ ಗೇಟು ಎತ್ತಿದ.

ಹಳಿಯ ನಡುವೆ, ಆ ಚಪ್ಪಲಿಯ ಹತ್ತಿರ ನಾವು ಎದುರುಬದುರು.
ಮೊಳದಷ್ಟು ದೂರ, ಕೂಗುವುದೇ ಬೇಡ.
ಆದರೆ ಅಲ್ಲಿ ನಿಲ್ಲುವಂತಿಲ್ಲ, ಹಿಂದೆ ಟ್ರ್ಯಾಕ್ಟರು ಬಡಕೊಳ್ಳುತ್ತಿದೆ.
"ಬರ್ತೀನಕ್ಕಾ" ಅಂದು ಹೋದಳು.
ನಮ್ಮ ಮಾತೇ ಹಾಗಲ್ಲವೆ, ಹೋಗುವವರು ಬರ್ತೀನಿ ಅನ್ನುತ್ತಾರೆ,
ಇನ್ನೂ ಬಚ್ಚಲಲ್ಲೇ ಇರುವವರು ಬಂದೆ ಬಂದೆ ಅನ್ನುತ್ತಾರೆ.
ಇದ್ದೀನಿ ಅಂತ ಯಾರೂ ಅನ್ನುವುದಿಲ್ಲ,
ಫೋನು ಕೆಟ್ಟಾಗ ಬಿಟ್ಟರೆ.

ಮರುದಿನ ಕೇಳಿದೆ, ಏನೇ ಅದು, ನಿನ್ನೆ ಹೇಳ್ತಿದ್ದದ್ದು?
"ಅಯ್ಯೋ, ಮರ್ತೇಹೋಯ್ತು! ನೀ ಅಷ್ಟು ನಗ್ತಿದ್ದೆಯಲ್ಲ, ಅದ್ಯಾಕೆ?"
"ನೀ ನಕ್ಕಿದ್ದಕ್ಕೆ ಕಣೇ."
"ನಾನಾ? ನಾನು ನೀ ನಕ್ಕಿದ್ದಕ್ಕೆ!"
ಹಾಲಿನವನು ಹೂಂ ಅನ್ನಲಿಲ್ಲ,
ಇಬ್ಬರನ್ನೂ ಒಂದೊಂದು ಸಲ ನೋಡಿದ.

ಅವತ್ತು ಬಂದದ್ದು ಪ್ಯಾಸೆಂಜರು.
ಕಿಟಕಿಯಲ್ಲಿ ಹಲ್ಲುಜ್ಜುತ್ತಿದ್ದವನೊಬ್ಬ
ನಮ್ಮ ನಗೆಯ ಮಧ್ಯದಲ್ಲಿ ಹಾದುಹೋದ,
ಬ್ರಷ್ಷು ಬಾಯಲ್ಲೇ,
ಏನೋ ಹೇಳಲು ಹೊರಟಂತೆ.